ಮೊದಲು ಯಾರ ಟಿಕೆಟ್ಟು

ಹತ್ತೊಂಬತ್ತು ವರ್ಷವಾಯಿತು ಇದೇ ಟ್ರಾಮಿನಲ್ಲಿ.
ಸೇಂತ್ ಎತಿಯೆನ್ ಊರನ್ನು ಉದ್ದಕ್ಕೆ ಸೀಳಿದ ಜೋಡಿ ಹಳಿ,
ಅದರ ಮೇಲೆ ನಾನು, ಟಿಕೆಟ್ಟು ನೋಡುವವಳು.
ಯಾರಾದರೂ ಕೇಳಿದ್ದರೆ ಆಣೆಯಿಟ್ಟು ಹೇಳುತ್ತಿದ್ದೆ:
ಬಾಗಿಲಿಂದ ಶುರು, ಆಮೇಲೆ ಸಾಲು ಹಿಡಿದು ಒಳಕ್ಕೆ.
ಮುಖ ನೋಡಿ ಮಣೆ ಹಾಕುವ ಜಾಯಮಾನ
ನಮ್ಮ ವಂಶದಲ್ಲೇ ಇಲ್ಲ.

ಹೊಸ ಯಂತ್ರ ಕೊಟ್ಟರು. ಅಂಗೈಯಗಲದ್ದು.
ಯಾವ ಪಾಸು, ಯಾವ ಹೊತ್ತು, ಎಷ್ಟನೆಯದು,
ಎಲ್ಲ ತನ್ನ ಪಾಡಿಗೆ ಗುರುತು ಹಾಕಿಕೊಳ್ಳುತ್ತದೆ.
ಚಳಿಗಾಲ ಕಳೆದ ಮೇಲೆ ಮೇಲ್ವಿಚಾರಕ ಗೆಯ್ಡೋನ್
ಒಂದು ಹಾಳೆಯನ್ನು ನನ್ನ ಕಡೆ ಸರಿಸಿದ.
ಬಯ್ಯಲಿಲ್ಲ. ಕಾಫಿ ಕಲಕುತ್ತ ಕಿಟಕಿಯಾಚೆ ನೋಡಿದ.

ಐದು ತಿಂಗಳು. ಒಂದೇ ಪಾಸಿನ ನಂಬರು
ನಲವತ್ತೊಂದು ಸಲ.
ಮೂವತ್ತಾರು ಸಲ ಅದೇ ಮೊದಲನೆಯದು.

ಹೆಸರು ಇರಲಿಲ್ಲ ಹಾಳೆಯಲ್ಲಿ. ಬೇಕಾಗಿಯೂ ಇರಲಿಲ್ಲ.
ಬೆಲ್ವ್ಯೂ ನಿಲ್ದಾಣ, ಮಧ್ಯಾಹ್ನ ಒಂದೂ ಹತ್ತರ ಗಾಡಿ,
ಮೂರನೆಯ ಸಾಲು, ಕಿಟಕಿ ಪಕ್ಕ,
ಹುಡ್ ಎಳೆದುಕೊಂಡ ತಲೆ, ಬೂಟಿನ ಮೇಲೆ ಹಿಟ್ಟಿನ ಪುಡಿ:
ಬ್ರೆಡ್ಡಿನ ಭಟ್ಟಿಯಲ್ಲಿ ಕೆಲಸ ಕಲಿಯುವ ಮಾಸ್ಸಿನ್.
ಅವನ ತನಕ ಹೋಗಬೇಕಾದರೆ
ಆರು ಸೀಟು ದಾಟಬೇಕು. ದಾಟಿದ್ದೇನೆ.
ತಲೆ ಏನೂ ಹೇಳಿರಲಿಲ್ಲ, ನಂಬಿ. ಕಾಲಿಗೆ ದಾರಿ ಗೊತ್ತಿತ್ತು.

ನನ್ನ ಬೂಟಿನ ಸದ್ದಿಗೇ ಪಾಸು ಆಚೆ ಬರುತ್ತಿತ್ತು,
ನಾನು ಬಾಯಿ ತೆರೆಯುವ ಮುಂಚೆ.
ಎಂಥ ವಿನಯದ ಹುಡುಗ ಅಂದುಕೊಂಡಿದ್ದೆ.
ಪಾಸಿನ ಮೇಲಿನ ಫೋಟೋ ಅರ್ಧ ಅಳಿಸಿದೆ,
ಅವನ ಹೆಬ್ಬೆರಳು ಒಂದು ಕಡೆ, ನನ್ನದು ಇನ್ನೊಂದು ಕಡೆ.
ಎಡ ಹುಬ್ಬಿನ ಮೇಲೆ ಸುಟ್ಟ ಕಲೆಯಿದೆ ಅವನಿಗೆ.
ಹಾಳೆ ನೋಡಿದ ಮರುದಿನ ಕಂಡಿತು ಅದು.

ನಮ್ಮ ತಾತ ಪೋಲೆಂಡಿನಿಂದ ಗಣಿಗೆ ಬಂದವನು.
ಉಗುರಿನ ಸಂದಿಯ ಕಲ್ಲಿದ್ದಲು ನೋಡಿಯೇ
ಇದೇ ಊರಿನ ಟ್ರಾಮಿನಲ್ಲಿ ಮೊದಲು ಅವನನ್ನೇ ತಡೆಯುತ್ತಿದ್ದರಂತೆ.
ಆ ಕಥೆಯನ್ನು ಊಟದ ಮೇಜಿನಲ್ಲಿ
ಎಷ್ಟು ಸಲ ಹೇಳಿ ಸಿಟ್ಟಾಗಿದ್ದೇನೆ,
ಈ ಸಮವಸ್ತ್ರ ಬಿಚ್ಚದೆಯೇ.

ಇನ್ನು ಮದಾಮ್ ವಿಯಾಲ್.
ಬಾಗಿಲ ಪಕ್ಕದ ಸೀಟು, ನೇರಳೆ ಕೈಗವಸು,
ಮಡಿಲಲ್ಲಿ ಗಿಡ್ಡ ಕಾಲಿನ ನಾಯಿ.
ನನ್ನ ಮಂಡಿನೋವು ವಿಚಾರಿಸಿ ಸೋಂಪಿನ ಮಿಠಾಯಿ ಕೊಡುತ್ತಿದ್ದಳು.
ತಂಗಿಯ ಊರಿಗೆ ಹೋಗಿ ನೆಲೆಸುತ್ತೇನೆಂದು
ಮೊನ್ನೆ ಕೊನೆಯ ಸಲ ಹತ್ತಿದವಳು
ಇಳಿಯುವಾಗ ನನ್ನ ಕಿವಿಗೆ ಬಗ್ಗಿದಳು:
"ಹನ್ನೊಂದು ವರ್ಷ, ಮಗಳೇ, ಒಂದು ದಿನವೂ ಟಿಕೆಟ್ಟು ಕೊಂಡಿಲ್ಲ ನಾನು.
ಕೊಳ್ಳೋಣ ಅಂದರೆ ನೀನು ಕೇಳಲೇ ಇಲ್ಲವಲ್ಲ!"
ಕಿಲಕಿಲ ನಕ್ಕಳು. ನಾನೂ ನಕ್ಕೆ.
ಮಿಠಾಯಿ ಬಾಯಲ್ಲಿತ್ತು.
ಮೂರು ನಿಲ್ದಾಣ ದಾಟಿದರೂ ಕರಗಲಿಲ್ಲ.

ಮರುದಿನ ಹಟಕ್ಕೆ ಬಿದ್ದು ಬಾಗಿಲಿಂದಲೇ ಶುರುಮಾಡಿದೆ.
ಕೋಟಿನ ಮನುಷ್ಯ ಪತ್ರಿಕೆ ಮಡಚಿ ಹುಬ್ಬೇರಿಸಿದ: "ನನ್ನದಾ?"
"ಕ್ಷಮಿಸಿ" ಅಂತ ಜಾರಿತು ನನ್ನ ಬಾಯಿಂದ,
ನಲವತ್ತೊಂದು ಸಲದಲ್ಲಿ ಮಾಸ್ಸಿನ್‌ಗೆ
ಒಮ್ಮೆಯೂ ಅಂದಿರದ ಮಾತು.
ಆ ಮನುಷ್ಯ ಜೇಬು ತಡಕಿದ, ಪರ್ಸು ತೆರೆದ,
ಮತ್ತೆ ಜೇಬು ತಡಕಿದ.

ಅತ್ತ ಮೂರನೆಯ ಸಾಲಿನಲ್ಲಿ
ಆಗಲೇ ಚಾಚಿತ್ತು ಕೈ.
"ಇರಲಿ ಬಿಡು" ಅನ್ನಲು ಹೊರಟವಳು ತಡೆದೆ.
ಇವನನ್ನು ಬಿಟ್ಟುಬಿಡುವುದೂ ಮುಖ ನೋಡಿಯೇ ತಾನೆ?
"ನಿನ್ನ ಸರದಿ ಇನ್ನೂ ಬಂದಿಲ್ಲ" ಅಂದೆ.
ತಲೆಯಾಡಿಸಿದ.
ಕೈ ಇಳಿಸಲಿಲ್ಲ.